ಬಕನ ಬಂಡಿಯೂ ಆಟದ ಫೋಲ್ಡರುಗಳೂ

ಅಂಬಾಜಿದುರ್ಗದ ಬೆಟ್ಟ ಜಗಲಿಯಿಂದಲೇ ಕಾಣುವ ನಮ್ಮ ಮನೆಯಲ್ಲಿ ಹಳೆಯದೊಂದು ಕಂಪ್ಯೂಟರು ಉಂಟು. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಬರೆದ ನಾಲ್ಕಾರು ಲೇಖನಗಳು, ಜಮೀನಿನ ಪಹಣಿಯ ಪ್ರತಿಗಳು, ಮದುವೆ ಮುಂಜಿಗಳ ಚಿತ್ರಗಳು, ಇವಿಷ್ಟೇ ಅದರ ಆಸ್ತಿ. ಕಳೆದ ಬೇಸಗೆಯ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗನು ಅದರಲ್ಲಿ ಒಂದು ಆಟವನ್ನು ಹಾಕಿಕೊಂಡು, ಹೊರಗೆ ಬಿಸಿಲು ಸುಡುತ್ತಿದ್ದ ಮಧ್ಯಾಹ್ನಗಳನ್ನೆಲ್ಲ ಅದರೊಳಗಿನ ಯಾವುದೋ ಕಲ್ಪಿತ ರಾಜ್ಯದಲ್ಲಿ ಕಳೆದು, ಶಾಲೆ ತೆರೆಯುವ ಹೊತ್ತಿಗೆ ಊರಿಗೆ ಹೊರಟುಹೋದನು. ಆತ ಹೋದ ಕೆಲವು ದಿನಗಳ ಮೇಲೆ, ನನ್ನ ಬರಹಗಳನ್ನಿಡುವ ‘ಡಾಕ್ಯುಮೆಂಟ್ಸ್’ ಎಂಬ ಫೋಲ್ಡರಿನಲ್ಲಿ, ನಾನು ಇರಿಸದ, ನಾನು ಹೆಸರಿಡದ, ಓದಿದರೂ ಅರ್ಥ ಹೊಳೆಯದ ಮತ್ತೊಂದು ಫೋಲ್ಡರು ಬಂದು ಕುಳಿತಿರುವುದನ್ನು ಕಂಡೆನು. ಒಳಗೆ ಇಣುಕಿದರೆ ಅಂಕಿಗಳ ಬಾಲ ಹೊತ್ತ ಕಡತಗಳು. ಒಂದನ್ನಾದರೂ ತೆರೆದು ನೋಡೋಣವೆಂದರೆ ತೆರೆಯಲೊಲ್ಲವು. ಇದು ವೈರಸ್ಸೇ ಸರಿ ಎಂದು ನಿಶ್ಚಯಿಸಿ ಅಳಿಸಿದೆನು. ಅಳಿಸಿದ್ದು ಸಾಲದೆಂಬಂತೆ ಕಸದ ಬುಟ್ಟಿಯನ್ನೂ ಬರಿದು ಮಾಡಿ, ಮನೆಯನ್ನು ಶುದ್ಧಿಮಾಡಿದ ತೃಪ್ತಿಯಿಂದ ಎದ್ದೆನು.

ದಸರೆಗೆ ಬಂದ ಹುಡುಗ ಕಂಪ್ಯೂಟರಿನ ಮುಂದೆ ಕುಳಿತ ಐದು ನಿಮಿಷಕ್ಕೆ ಜಗಲಿಗೆ ಓಡಿಬಂದನು. “ತಾತ, ನಂದೆಲ್ಲ ಹೋಗ್ಬಿಟ್ಟಿದೆ, ಮೊದಲಿಂದ ಶುರುವಾಗ್ತಿದೆ. ನೀವೇನಾದ್ರೂ ಡಿಲೀಟ್ ಮಾಡಿದ್ರಾ?” ಎಂದು ಕೇಳಿದಾಗ, ಆ ಅರ್ಥವಿಲ್ಲದ ಕಡತಗಳಲ್ಲಿ ಆತನ ಎರಡು ತಿಂಗಳ ಗೆಲುವುಗಳು ಇದ್ದುವೆಂಬುದು ನನಗೆ ತಿಳಿಯಿತು. ಆಟವಷ್ಟೇ ಇದ್ದಿತು, ಆಡಿದ್ದು ಉಳಿದಿರಲಿಲ್ಲ.

ಇಷ್ಟು ಸಣ್ಣ ಸಂಗತಿಯನ್ನು ಪತ್ರಿಕೆಯಲ್ಲಿ ಪ್ರಸ್ತಾಪಿಸುವುದು ಉಚಿತವೇ ಎಂದು ಕೇಳುವವರಿರಬಹುದು. ಹುಡುಗನ ಆಟ ಹೋದರೆ ಹೋಯಿತು, ಪಾಠದ ಪುಸ್ತಕವಂತೂ ಹೋಗಲಿಲ್ಲವಲ್ಲ ಎಂದು ಸಮಾಧಾನ ಹೇಳಿದ ನೆರೆಯವರೂ ಉಂಟು. ಆದರೆ ನನ್ನ ಕೈಯಿಂದ ತಪ್ಪು ಮಾಡಿಸಿದ ಆ ಅಜ್ಞಾನವು ಆಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಿರಪರಾಧಿಯಾದ ಫೋಲ್ಡರನ್ನು ಕಳ್ಳನೆಂದು ಬಡಿದಟ್ಟುವ ಕೈಯೇ, ನಾಳೆ ನಿಜವಾದ ಕಳ್ಳನು ಸಭ್ಯವಾದ ಹೆಸರು ತೊಟ್ಟು ಬಂದರೆ ಮಣೆಹಾಕಿ ಕೂರಿಸುತ್ತದೆ. ಚಿಂತಾಮಣಿಯ ಪೇಟೆಯಲ್ಲಿರಲಿ, ಶಿಡ್ಲಘಟ್ಟದಲ್ಲಿರಲಿ, ಗೌರಿಬಿದನೂರಿನಲ್ಲಿರಲಿ, ಕಂಪ್ಯೂಟರು ರಿಪೇರಿಯವರ ಬಳಿಗೆ ಇಂಥ ಸಂಶಯವನ್ನು ಹೊತ್ತುಕೊಂಡು ಹೋದರೆ ಬಹುಮಟ್ಟಿಗೆ ದೊರೆಯುವ ಪರಿಹಾರ ಒಂದೇ: “ಫಾರ್ಮ್ಯಾಟ್ ಹೊಡೆದ್ಬಿಡೋಣ ಸಾರ್.” ಇಲಿ ಹೊಕ್ಕಿತೆಂದು ಹಗೇವಿಗೆ ಬೆಂಕಿಯಿಡುವ ಕ್ರಮ ಇದು.

ನಮ್ಮ ಹೋಬಳಿಗೆ ಸಮೀಪದಲ್ಲಿರುವ ಕೈವಾರವೇ ಮಹಾಭಾರತದ ಏಕಚಕ್ರನಗರವೆಂದೂ, ಭೀಮನು ಬಕಾಸುರನನ್ನು ಕೊಂದುದು ಅಲ್ಲಿಯ ಬೆಟ್ಟದಲ್ಲೆಂದೂ ಈ ಸೀಮೆಯ ಜನ ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದಾರೆ. ಆ ಕಥೆಯಲ್ಲಿ ಎಲ್ಲರ ನೆನಪಿನಲ್ಲಿ ನಿಲ್ಲುವವನು ಭೀಮ. ಆದರೆ ಕಥೆ ನಡೆಯುವುದು ಕುಂತಿಯಿಂದ. ಆಶ್ರಯ ಕೊಟ್ಟ ಮನೆಯ ಒಳಗಿನಿಂದ ಅಳುವ ದನಿ ಕೇಳಿದಾಗ ಆಕೆ ಮಗನನ್ನು ಗದೆ ಹಿಡಿದು ಹೊರಡೆಂದು ಎಬ್ಬಿಸಲಿಲ್ಲ. ತಾನೇ ಒಳಗೆ ಹೋಗಿ, ಏನಾಯಿತು, ಯಾರ ಸರದಿ, ಕೊಡಬೇಕಾದುದೇನು ಎಂಬುದನ್ನು ವಿಚಾರಿಸಿದಳು. ಅಪರಿಚಿತ ಫೋಲ್ಡರನ್ನು ಕಂಡಾಗ ನಾವೆಲ್ಲರೂ ಒಮ್ಮೆಗೇ ಭೀಮನಾಗಿಬಿಡುತ್ತೇವೆ. ಕುಂತಿಯ ಕೆಲಸವನ್ನು ಮೊದಲು ಮಾಡಬೇಕೆಂಬುದು ನನ್ನ ಒಂದು ಮಾತು. ಆ ವಿಚಾರಣೆಗೆ ಉತ್ತರ ಸಿಕ್ಕುವಂತೆ ಮಾಡತಕ್ಕ ಹೊಣೆ ಫೋಲ್ಡರನ್ನು ತಂದಿರಿಸಿದವರ ಮೇಲಿದೆಯೆಂಬುದು ಇನ್ನೊಂದು.

ಮೊದಲು, ಈ ಫೋಲ್ಡರುಗಳು ಏತಕ್ಕೆ ಹುಟ್ಟುತ್ತವೆ? ಹಿಂದೆ ಆಟವೆಂಬುದು ಒಂಟಿ ಕೋಣೆಯ ಸಂಸಾರವಾಗಿದ್ದಿತು. 1989ರಲ್ಲಿ ಹೊರಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ 1.44 ಮೆಗಾಬೈಟಿನ ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿದ್ದಿತು. ಅದರ ಚಿತ್ರ, ಅದರ ಸದ್ದು, ಆಡಿದವನ ಪ್ರಗತಿ ಎಲ್ಲವೂ ಒಂದೇ ಸೂರಿನಡಿಯಲ್ಲಿ ಇರುತ್ತಿದ್ದುವು. ಇಂದು ನೂರು ಗಿಗಾಬೈಟನ್ನು ಮೀರುವ ಆಟಗಳು ಉಂಟು. ಅಂಥದೊಂದನ್ನು ಆ ಕಾಲದ ಫ್ಲಾಪಿಗಳಿಗೆ ತುಂಬಹೊರಟರೆ ಸುಮಾರು 70000 ಫ್ಲಾಪಿಗಳು ಬೇಕಾದಾವು. ಬಕನಿಗೆ ದಿನಕ್ಕೊಂದು ಬಂಡಿ ಅನ್ನ ಸಾಕಾಗಿದ್ದಿತು. ಇವಕ್ಕೆ ಹೊಟ್ಟೆಯೂ ದೊಡ್ಡದು, ಸಂಸಾರವೂ ದೊಡ್ಡದು.

ಸಂಸಾರ ಬೆಳೆದಾಗ ಮನೆಯಲ್ಲಿ ಕಟ್ಟಳೆಗಳು ಹುಟ್ಟುವುದು ಸಹಜವಷ್ಟೆ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಅಂಥ ಒಂದು ಕಟ್ಟಳೆಯನ್ನು ಬಿಗಿಯಾಗಿ ಜಾರಿಗೆ ತಂದಿತು. ತಂತ್ರಾಂಶಗಳು ನೆಲೆಸುವ ‘ಪ್ರೋಗ್ರಾಮ್ ಫೈಲ್ಸ್’ ದೇವರ ಕೋಣೆಯಿದ್ದಂತೆ. ಸ್ಥಾಪನೆಯ ಸಮಯದಲ್ಲಿ ಮನೆಯ ಯಜಮಾನನ ಅಪ್ಪಣೆ ಪಡೆದು ಒಳಗೆ ಹೋಗಬಹುದೇ ಹೊರತು, ದಿನನಿತ್ಯದ ಓಡಾಟದಲ್ಲಿ ಯಾವ ಆಟವೂ ಅಲ್ಲಿ ಗೀಚಕೂಡದು. ಹಾಗಾದರೆ ಆಡಿದವನ ಗೆಲುವನ್ನು, ಆತ ಆರಿಸಿಕೊಂಡ ವೇಷವನ್ನು, ಸದ್ದು ಎಷ್ಟಿರಬೇಕೆಂಬ ಆತನ ಇಚ್ಛೆಯನ್ನು ಎಲ್ಲಿ ಬರೆದಿಡಬೇಕು? ಇದಕ್ಕಾಗಿ ಬಳಕೆದಾರನ ಸ್ವಂತ ಪಾಲಿನಲ್ಲಿ ‘ಆಪ್‌ಡೇಟಾ’ ಎಂಬ ಹಿತ್ತಿಲಕೋಣೆಯನ್ನು ಕಟ್ಟಲಾಗಿದೆ. ಅದು ಸಾಧಾರಣವಾಗಿ ಕಣ್ಣಿಗೆ ಬೀಳದು. ಅಡಗಿಸಿದ ಫೋಲ್ಡರುಗಳನ್ನು ತೋರಿಸೆಂದು ಆಜ್ಞೆ ಮಾಡಿದರೆ ಮಾತ್ರ ಕಾಣುತ್ತದೆ. ಅದರೊಳಗೆ ಮೂರು ಗೂಡುಗಳು. ‘ಲೋಕಲ್’ ಎಂಬಲ್ಲಿರುವುದು ಆ ಯಂತ್ರವನ್ನು ಬಿಟ್ಟು ಕದಲುವುದಿಲ್ಲ. ‘ರೋಮಿಂಗ್’ ಎಂಬಲ್ಲಿರುವುದು, ಅನೇಕ ಯಂತ್ರಗಳನ್ನು ಒಟ್ಟಿಗೆ ಜೋಡಿಸಿದ ಕಚೇರಿ ಕಾಲೇಜುಗಳಲ್ಲಿ ಅದಕ್ಕೆ ಏರ್ಪಾಡಿದ್ದರೆ, ಬಳಕೆದಾರನು ಯಾವ ಯಂತ್ರದ ಮುಂದೆ ಕುಳಿತರೂ ಆತನ ಹಿಂದೆಯೇ ಬರುತ್ತದೆ. ‘ಲೋಕಲ್‌ಲೋ’ ಎಂಬುದು ಹೆಚ್ಚಿನ ವಿಶ್ವಾಸಕ್ಕೆ ಪಾತ್ರವಲ್ಲದ ಕಾರ್ಯಕ್ರಮಗಳಿಗೂ ಬರೆಯಲು ಬಿಟ್ಟಿರುವ ಜಾಗ. ಯೂನಿಟಿ ಎಂಬ ಸಾಧನದಿಂದ ರಚಿತವಾದ ಅಸಂಖ್ಯ ಆಟಗಳು ತಯಾರಕನ ಹೆಸರು, ಅದರೊಳಗೆ ಆಟದ ಹೆಸರು ಎಂಬ ಕ್ರಮದಲ್ಲಿ ಅಲ್ಲಿ ಬಿಡಾರ ಹೂಡುತ್ತವೆ.

ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಆಟ ರಚಿಸುವವರಲ್ಲಿ ಏಕಮತವಿಲ್ಲ. ಕೆಲವರು ಆಟದ ಉಳಿಕೆಗಾಗಿಯೇ ವಿಸ್ಟಾ ನಿರ್ಮಿಸಿಕೊಟ್ಟ ‘ಸೇವ್ಡ್ ಗೇಮ್ಸ್’ ಎಂಬ ಕೋಣೆಯನ್ನು ಬಳಸುತ್ತಾರೆ. ಹಲವರು ಬಳಕೆದಾರನು ತನ್ನ ಕಾಗದಪತ್ರಗಳನ್ನಿಟ್ಟುಕೊಂಡಿರುವ ‘ಡಾಕ್ಯುಮೆಂಟ್ಸ್’ನಲ್ಲಿಯೇ ‘ಮೈ ಗೇಮ್ಸ್’ ಎಂದೋ ತಮ್ಮ ಸಂಸ್ಥೆಯ ಹೆಸರಿನಲ್ಲೋ ಒಂದು ಮೂಲೆ ಹಿಡಿಯುತ್ತಾರೆ. ನಾನು ಅಳಿಸಿದ್ದು ಈ ಎರಡನೆಯ ಜಾತಿಯ ಫೋಲ್ಡರನ್ನು. ಅತಿಥಿಯಾಗಿ ಬಂದವನು ಅಟ್ಟವನ್ನು ತೋರಿಸಿಕೊಟ್ಟರೂ ಯಜಮಾನನ ಪೆಟ್ಟಿಗೆಯಲ್ಲೇ ತನ್ನ ಬಟ್ಟೆಗಂಟನ್ನಿಡುವುದು ಶಿಷ್ಟಾಚಾರವಲ್ಲವೆಂದು ನನಗೆ ತೋರುತ್ತದೆ; ಆದರೂ ಗಂಟು ಯಾರದೆಂದು ಕೇಳದೆ ಬೀದಿಗೆಸೆದ ಯಜಮಾನನೂ ಶಿಷ್ಟನಲ್ಲ.

ಎಲ್ಲ ಫೋಲ್ಡರುಗಳ ಬೆಲೆಯೂ ಒಂದೇ ಅಲ್ಲ. ‘ಶೇಡರ್ ಕ್ಯಾಶ್’ ಎಂಬ ಹೆಸರಿನವು ದೊಡ್ಡದಾಗಿ ಬೆಳೆದು ಗಾಬರಿ ಹುಟ್ಟಿಸುತ್ತವೆ. ಪರದೆಯ ಮೇಲೆ ಬೆಳಕು ನೆರಳುಗಳನ್ನು ಬಿಡಿಸತಕ್ಕ ಸೂಚನೆಗಳನ್ನು ಆ ಯಂತ್ರದ ಚಿತ್ರಫಲಕಕ್ಕೆ ಹೊಂದುವಂತೆ ಒಮ್ಮೆ ಸಿದ್ಧಪಡಿಸಿ, ಪ್ರತಿಸಲವೂ ಆ ಶ್ರಮ ಬೇಡವೆಂದು ಕೂಡಿಟ್ಟ ದಾಸ್ತಾನು ಅದು. ರಾಗಿಯನ್ನು ಹೊತ್ತುಹೊತ್ತಿಗೆ ಬೀಸದೆ ಹಿಟ್ಟುಮಾಡಿ ಡಬ್ಬಕ್ಕೆ ತುಂಬಿಟ್ಟುಕೊಂಡಂತೆ. ಚೆಲ್ಲಿದರೆ ಮನೆ ಮುಳುಗದು. ಮುಂದಿನ ಸಲ ಆಟ ಕೊಂಚ ತಡವರಿಸಿ ಮತ್ತೆ ಬೀಸಿಕೊಳ್ಳುತ್ತದೆ. ಆದರೆ ‘ಸೇವ್’ ಎಂಬ ಹೆಸರಿನ ಸಣ್ಣ ಫೋಲ್ಡರು, ಗಾತ್ರದಲ್ಲಿ ಕೆಲವೇ ಮೆಗಾಬೈಟಿನದಾದರೂ, ಬಿತ್ತನೆಯ ಬೀಜವಿದ್ದಂತೆ. ಅದು ಹೋದರೆ ಬೆಳೆಯೇ ಇಲ್ಲ.

ಇನ್ನೊಂದು ಜಾತಿಯ ಫೋಲ್ಡರು ಭಯವನ್ನು ಹೆಚ್ಚಿಸುವಂಥದು. ಮೈಕ್ರೋಸಾಫ್ಟಿನ ಅಂಗಡಿಯಿಂದ ಪಡೆದ ಆಟವನ್ನು ಡಿ ಎಂಬ ಎರಡನೆಯ ವಿಭಾಗದಲ್ಲಿ ಹಾಕಿದರೆ, ಅಲ್ಲಿ ‘ವಿಂಡೋಸ್‌ಆಪ್ಸ್’, ‘ಡಬ್ಲ್ಯುಪಿಸಿಸ್ಟಮ್’, ‘ಡಬ್ಲ್ಯುಯುಡೌನ್‌ಲೋಡ್‌ಕ್ಯಾಶ್’ ಎಂಬ ಫೋಲ್ಡರುಗಳು ಎದ್ದುನಿಲ್ಲುತ್ತವೆ. ತೆರೆಯಹೋದರೆ, ಯಂತ್ರದ ಹಣ ತೆತ್ತವನಿಗೇ ಪ್ರವೇಶವಿಲ್ಲವೆಂಬ ಉತ್ತರ ಬರುತ್ತದೆ. ಸ್ವಂತ ಮನೆಯ ಕೋಣೆಗೆ ಅನ್ಯರು ಬೀಗವಿಕ್ಕಿದರೆ ಯಾರಿಗೆ ಸಂಶಯ ಬಾರದು? ವಾಸ್ತವದಲ್ಲಿ ಆ ಬೀಗ ವಿಂಡೋಸಿನದೇ; ಆಟದ ಮೂಲ ಕಡತಗಳನ್ನು ಬಳಕೆದಾರನೂ ಬೇರೆ ತಂತ್ರಾಂಶಗಳೂ ಕೆಡಿಸದಿರಲೆಂದು ಅವುಗಳ ಒಡೆತನವನ್ನು ವ್ಯವಸ್ಥೆಯೇ ಇರಿಸಿಕೊಂಡಿದೆ. ಬೀಗ ಒಡೆದು ಒಡೆತನವನ್ನು ಕಿತ್ತುಕೊಳ್ಳುವ ಉಪಾಯಗಳು ಪ್ರಚಾರದಲ್ಲಿದ್ದರೂ, ಹಾಗೆ ಮಾಡಿದವರು ಅಂಗಡಿಯಿಂದ ತಂದ ಇತರ ತಂತ್ರಾಂಶಗಳನ್ನೂ ಕುಂಟುಮಾಡಿಕೊಳ್ಳುವ ಸಂಭವವುಂಟು. ಆಟ ಬೇಡವಾದರೆ ಸೆಟ್ಟಿಂಗ್ಸಿನ ಮಾರ್ಗವಾಗಿ ಅದನ್ನು ತೆಗೆಸುವುದೇ ರಾಜಮಾರ್ಗ.

ನಮ್ಮ ಹಳ್ಳಿಗಳಲ್ಲಿ ಕಂಪ್ಯೂಟರಿಗಿಂತ ಫೋನೇ ಹೆಚ್ಚು. ‘ಸ್ಪೇಸ್ ಫುಲ್’ ಎಂದು ಫೋನು ಗೋಳಿಟ್ಟಾಗ ತಂದೆತಾಯಿಗಳು ಹುಡುಕಿ ನೋಡಿದರೆ, ‘ಆಂಡ್ರಾಯ್ಡ್’ ಎಂಬುದರ ಒಳಗೆ ‘ಡೇಟಾ’, ‘ಒಬಿಬಿ’ ಎಂಬ ಎರಡು ಕೋಶಗಳೂ ಅವುಗಳೊಳಗೆ ಚುಕ್ಕಿಗಳಿಂದ ಕೂಡಿದ ವಿಲಕ್ಷಣ ಹೆಸರುಗಳೂ ಎದುರಾಗುತ್ತವೆ. ಆ ಹೆಸರುಗಳು ಜಾಲತಾಣದ ವಿಳಾಸವನ್ನು ಹಿಂದುಮುಂದಾಗಿ ಬರೆದವು, ಅಷ್ಟೆ: ಮೊದಲು ಕಾಮ್, ಬಳಿಕ ಸಂಸ್ಥೆ, ಕೊನೆಗೆ ಆಟ. ಒಬಿಬಿ ಎಂಬುದು ಆಟದ ಚಿತ್ರ ಶಬ್ದಗಳ ಮೂಟೆ. 2020ರ ಆಂಡ್ರಾಯ್ಡ್ 11ರಿಂದೀಚೆಗೆ ಒಂದು ತಂತ್ರಾಂಶದ ಈ ಗೂಡಿಗೆ ಮತ್ತೊಂದು ತಂತ್ರಾಂಶ ಕೈಹಾಕದಂತೆ ಬಾಗಿಲು ಮುಚ್ಚಲಾಗಿದೆ. ಕಡತಗಳನ್ನು ತೋರಿಸುವ ಆಪ್‌ಗಳಿಗೆ ಅದು ಖಾಲಿಯಾಗಿ ಕಂಡರೆ ಕಾರಣ ಇದೇ.

ಇಂಥ ಹೆಸರುಗಳನ್ನು ಓದುವ ಕ್ರಮ ನಮಗೆ ಹೊಸದಾಗಬೇಕಿಲ್ಲ. ಚಿಂತಾಮಣಿ ತಾಲ್ಲೂಕಿನ ಶಿಲಾಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಹೊರಬಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ, ಆಗಿನ ಕೋಲಾರ ಜಿಲ್ಲೆಯ ಇತರ ಶಾಸನಗಳೊಡನೆ ಸೇರಿಸಿದ್ದಾರೆ. ಹೊಲದ ಬದುವಿನಲ್ಲಿ ನಿಂತ ಕಲ್ಲನ್ನು ರೈತನು ದೆವ್ವದ ಕಲ್ಲೆಂದು ದೂರವಿಟ್ಟಿರಬಹುದು, ಇಲ್ಲವೇ ಬಟ್ಟೆಯೊಗೆಯಲು ಹಾಸಿಕೊಂಡಿರಬಹುದು. ಶಾಸನತಜ್ಞನು ಬಂದು ಬರೆಸಿದವರು ಯಾರು, ಯಾವ ಕಾಲದಲ್ಲಿ, ಏನನ್ನು ದತ್ತಿಕೊಟ್ಟರು, ಅದರ ಎಲ್ಲೆ ಎಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಹಾಕಿದೊಡನೆ ಕಲ್ಲು ಮಾತಾಡುತ್ತದೆ. ಫೋಲ್ಡರಿಗೂ ಇವೇ ಪ್ರಶ್ನೆಗಳು. ಅದರ ಮೇಲೆ ಬಲಗುಂಡಿಯನ್ನೊತ್ತಿ ‘ಪ್ರಾಪರ್ಟೀಸ್’ ನೋಡಿದರೆ ಹುಟ್ಟಿದ ದಿನಾಂಕವೂ ಗಾತ್ರವೂ ದೊರೆಯುತ್ತವೆ. ಆ ದಿನ ಮನೆಯಲ್ಲಿ ಯಾರು ಏನು ಹಾಕಿದರೆಂದು ನೆನಪಿಸಿಕೊಂಡರೆ ಅರ್ಧ ರಹಸ್ಯ ಬಯಲಾದಂತೆಯೇ. ಕೆಲವು ಹೆಸರುಗಳಲ್ಲಿ ಚರಿತ್ರೆಯೂ ಅಡಗಿರುತ್ತದೆ. ಹಳೆಯ ಫೋನಿನಲ್ಲಿ ‘ಕಾಮ್.ಟೆನ್ಸೆಂಟ್.ಐಜಿ’ ಎಂಬ ಗೂಡು ಉಳಿದಿದ್ದರೆ ಅದು 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ ಪಬ್‌ಜಿ ಮೊಬೈಲಿನದು, ‘ಕಾಮ್.ಪಬ್‌ಜಿ.ಐಮೊಬೈಲ್’ ಎಂದಿದ್ದರೆ 2021ರ ಜುಲೈ 2ರಂದು ಹೊಸ ಹೆಸರಿನಲ್ಲಿ ಬಂದ ಬಿಜಿಎಂಐಯದು. ಸಂಶಯ ತೀರದಿದ್ದರೂ ಅಳಿಸುವ ಅಗತ್ಯವಿಲ್ಲ. ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿರಿಸಿ, ಮೂಲದ ಹೆಸರನ್ನು ಕೊಂಚ ಬದಲಿಸಿ, ನಾಲ್ಕು ದಿನ ಯಾರು ಕೂಗಿಡುತ್ತಾರೆಂದು ನೋಡಿದರೆ ಸಾಕು.

ಹಾಗೆಂದು ಎಲ್ಲವೂ ಸಾಧುಗಳೆಂದು ನಾನು ಹೇಳಹೊರಟಿಲ್ಲ. 2005ರಲ್ಲಿ ಸೋನಿ ಬಿಎಂಜಿ ಸಂಸ್ಥೆಯ ಸಂಗೀತದ ಸಿಡಿಗಳು, ನಕಲು ಮಾಡುವುದನ್ನು ತಡೆಯುವ ನೆಪದಲ್ಲಿ, ಯಂತ್ರದೊಳಗೆ ಗುಟ್ಟಾಗಿ ತಂತ್ರಾಂಶವನ್ನಿಳಿಸಿ ಅದನ್ನು ಯಜಮಾನನ ಕಣ್ಣಿನಿಂದಲೇ ಮರೆಮಾಡುತ್ತಿದ್ದುವೆಂಬುದನ್ನು ಮಾರ್ಕ್ ರಸಿನೋವಿಚ್ ಎಂಬ ತಜ್ಞರು ಬಯಲಿಗೆಳೆದರು. ಆಟಗಳಲ್ಲಿ ಮೋಸ ಮಾಡುವವರನ್ನು ಹಿಡಿಯುವ ಕಾವಲು ತಂತ್ರಾಂಶಗಳು ಇಂದು ವ್ಯವಸ್ಥೆಯ ಗರ್ಭಗುಡಿಯವರೆಗೂ ಹೋಗುತ್ತವೆ. 2020ರಲ್ಲಿ ‘ವ್ಯಾಲರೆಂಟ್’ ಆಟದೊಡನೆ ಬಂದ ‘ವ್ಯಾನ್‌ಗಾರ್ಡ್’ ಆಟ ಆಡಲಿ ಬಿಡಲಿ, ಯಂತ್ರ ಎದ್ದೊಡನೆ ತಾನೂ ಏಳುವಂತೆ ರಚಿತವಾಗಿದ್ದಿತು. ಕಾವಲುಗಾರನ ಬೀಗದಕೈಯನ್ನು ಕಳ್ಳನು ಕದ್ದುದೂ ಉಂಟು: ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದ ಇಂಥದೇ ಒಂದು ಕಡತವನ್ನು ಸುಲಿಗೆಕೋರರು ಬಳಸಿ, ವೈರಸ್ ನಿರೋಧಕವನ್ನೇ ಸುಮ್ಮನಾಗಿಸಿದರೆಂದು 2022ರಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆ ವರದಿ ಮಾಡಿತು. ಇವೆಲ್ಲಕ್ಕಿಂತ ನಮ್ಮ ಹುಡುಗರಿಗೆ ಹತ್ತಿರದ ಅಪಾಯವೆಂದರೆ ‘ಕ್ರ್ಯಾಕ್’ ಎಂದು ಕೈಯಿಂದ ಕೈಗೆ ದಾಟುವ ಪುಕ್ಕಟೆ ಆಟ. 2021ರಲ್ಲಿ ಅವಾಸ್ಟ್ ಸಂಸ್ಥೆ ಪತ್ತೆಹಚ್ಚಿದ ‘ಕ್ರ್ಯಾಕೊನೋಶ್’ ಎಂಬ ಪೀಡೆ ಇಂಥ ಆಟಗಳೊಡನೆ ಹೊಕ್ಕು, ಮೊದಲು ನಿರೋಧಕವನ್ನು ಕಿತ್ತುಹಾಕಿ, ಬಳಿಕ ಯಜಮಾನನ ವಿದ್ಯುತ್ತನ್ನೂ ಯಂತ್ರವನ್ನೂ ದುಡಿಸಿ ಕ್ರಿಪ್ಟೋ ನಾಣ್ಯ ಗಳಿಸುತ್ತಿದ್ದಿತು. 2 ಲಕ್ಷ 22 ಸಾವಿರಕ್ಕೂ ಮೇಲ್ಪಟ್ಟ ಯಂತ್ರಗಳು ಅದಕ್ಕೆ ಸಿಕ್ಕಿದ್ದುವು. ಮನೆಯೊಳಗೆ ಬರುವ ಮುನ್ನ ನಾಯಿಯನ್ನು ಕಟ್ಟಿಹಾಕಿ ಎನ್ನುವ ಅತಿಥಿಯನ್ನು ಅನುಮಾನಿಸಬೇಕಾದುದು ನ್ಯಾಯವೇ. ಆಂಟಿವೈರಸ್ಸನ್ನು ನಿಲ್ಲಿಸಿ ಎನ್ನುವ ಆಟವೂ ಅಂಥದೇ.

ಇಲ್ಲಿಯವರೆಗೆ ಹೇಳಿದ್ದು ಯಜಮಾನನ ಎಚ್ಚರ. ಆದರೆ ಎಚ್ಚರದ ಭಾರವನ್ನೆಲ್ಲ ಆತನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ನಮ್ಮ ಸೀಮೆಯಲ್ಲಿ ಬಹುಮಂದಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಎರಡು ನುಡಿಗಳಲ್ಲಿ ಬೆಳೆದವರು. ಕೈವಾರದ ತಾತಯ್ಯನವರೂ ಆ ಎರಡರಲ್ಲಿಯೇ ಜನಕ್ಕೆ ತತ್ತ್ವವನ್ನು ಹೇಳಿದರು. ಆಟವು ಮನೆಹೊಕ್ಕಾಗ ಮುಂದೊಡ್ಡುವ ಷರತ್ತುಗಳಾದರೋ ಹಲವಾರು ಪುಟಗಳ ಇಂಗ್ಲಿಷು. ಅದೂ ಪುಟದ ಕೊನೆಯಲ್ಲಿ ‘ಒಪ್ಪಿದೆ’ ಎಂಬ ಗುಂಡಿಯನ್ನು ಹನ್ನೆರಡು ವರ್ಷದ ಹುಡುಗನೇ ಒತ್ತಿ ಮುಗಿಸಿರುತ್ತಾನೆ. ಯಾವ ಫೋಲ್ಡರನ್ನು ಎಲ್ಲಿ ಇಡುತ್ತೇವೆ, ಎಷ್ಟು ಜಾಗ ಹಿಡಿಯುತ್ತದೆ, ಆಟವನ್ನು ತೆಗೆದ ಮೇಲೂ ಏನು ಉಳಿಯುತ್ತದೆ ಎಂಬ ಮೂರು ಸರಳ ಸಂಗತಿಗಳಿಗೆ ಆ ಪುಟಗಳಲ್ಲಿ ಬಹುಶಃ ಸ್ಥಾನವಿರುವುದಿಲ್ಲ.

ಸಾಮಾನ್ಯನಿಗೆ ಇಷ್ಟೆಲ್ಲ ಏಕೆ ತಿಳಿಯಬೇಕು, ತಿಳಿದರೆ ಕೈಯಾಡಿಸಿ ಕೆಡಿಸುವನೆಂದೇ ಅಲ್ಲವೇ ಅಡಗಿಸಿಟ್ಟಿರುವುದು, ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಸತ್ಯವುಂಟು, ಕೈಯಾಡಿಸಿ ಕೆಡಿಸಿದವರ ಪೈಕಿ ಈ ಲೇಖಕನೂ ಒಬ್ಬ. ಆದರೆ ಅಡಗಿಸುವುದು ಬೇರೆ, ವಿವರಿಸದಿರುವುದು ಬೇರೆ. ಹಗೇವು ನೆಲದಡಿಯಲ್ಲಿ ಅಡಗಿದ್ದರೂ ಅದರ ಮೇಲೆ ಗಾಡಿ ನಿಲ್ಲಿಸಬೇಡವೆಂದು ಮನೆಯವರು ಹೊಸಬನಿಗೆ ಹೇಳಿರುತ್ತಾರೆ. ನಾನು ಆ ಫೋಲ್ಡರನ್ನು ತೆರೆದಾಗ, ‘ಇದು ಇಂಥ ಆಟದ ಉಳಿಕೆ, ಅಳಿಸಿದರೆ ಆಡಿದ್ದೆಲ್ಲ ಹೋಗುತ್ತದೆ’ ಎಂಬ ಒಂದೇ ಸಾಲಿನ ಕನ್ನಡದ ಚೀಟಿ ಅಲ್ಲಿದ್ದಿದ್ದರೆ ನನ್ನ ಕೈ ತಡೆಯುತ್ತಿದ್ದಿತು. ಅಂಥ ಚೀಟಿಯನ್ನಿಡಲು ತಂತ್ರಜ್ಞಾನದ ಅಡ್ಡಿ ಏನೂ ಇಲ್ಲ. ನೂರು ಗಿಗಾಬೈಟಿನ ಆಟದಲ್ಲಿ ಒಂದು ಸಾಲಿನ ಕನ್ನಡಕ್ಕೆ ಜಾಗ ಸಾಲದೆಂದು ಯಾರೂ ವಾದಿಸಲಾರರು. ಬಲ್ಲವರಿಲ್ಲವೆಂಬ ಮಾತೂ ಸಲ್ಲದು. ನಮ್ಮೂರಿನಿಂದ ಎರಡು ಗಂಟೆಯ ಹಾದಿಯ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸಂಸ್ಥೆ 1997ರಲ್ಲಿಯೇ ಆಟಗಳ ಕೆಲಸಕ್ಕೆ ಕೈಹಾಕಿ, ಅಲ್ಲಿಂದೀಚೆಗೆ ಲೋಕದ ದೊಡ್ಡ ಆಟಗಳಿಗೆ ಚಿತ್ರ ಬಿಡಿಸಿಕೊಟ್ಟ ತಲೆಮಾರುಗಳೇ ಅಲ್ಲಿ ಬೆಳೆದಿವೆ.

ಕಾನೂನು ಈ ದಿಕ್ಕಿನಲ್ಲಿ ಒಂದು ಹೆಜ್ಜೆಯನ್ನಿಟ್ಟಿದೆ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ನಮ್ಮ ಖಾಸಗಿ ವಿವರಗಳನ್ನು ಸಂಗ್ರಹಿಸುವವರು ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳ ಪೈಕಿ ನಾವು ಬಯಸಿದ್ದರಲ್ಲಿ ಓದುವ ಅವಕಾಶವಿರಬೇಕೆಂದು ವಿಧಿಸುತ್ತದೆ. ಕನ್ನಡವೂ ತೆಲುಗೂ ಆ ಅನುಸೂಚಿಯಲ್ಲಿವೆ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿಯನ್ನು ಪರಿಶೀಲಿಸಿ ಪಡೆಯಬೇಕೆಂದೂ ಅದು ಹೇಳುತ್ತದೆ. ಈ ಅಧಿನಿಯಮದ ವಿಷಯ ವೈಯಕ್ತಿಕ ದತ್ತಾಂಶವೇ ಹೊರತು ಯಂತ್ರದಲ್ಲಿ ಎದ್ದುನಿಲ್ಲುವ ಫೋಲ್ಡರುಗಳಲ್ಲ. ಆದರೆ ಅದರ ಹಿಂದಿರುವ ನ್ಯಾಯ ಎರಡಕ್ಕೂ ಒಂದೇ: ಪರರ ಮನೆಯಲ್ಲಿ ಸಾಮಾನಿಡುವವನು, ಇಟ್ಟದ್ದೇನೆಂಬುದನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳತಕ್ಕದ್ದು. ಈ ನ್ಯಾಯವನ್ನು ಫೋಲ್ಡರುಗಳಿಗೂ ವಿಸ್ತರಿಸಬೇಕೆಂದು ನಮ್ಮ ಪ್ರತಿನಿಧಿಗಳು ಕೇಳಬೇಕು. ಕನ್ನಡದ ತಂತ್ರಾಂಶಕ್ಕಾಗಿ ದುಡಿಯುವ ಸಂಘಗಳು ಕೇಳಬೇಕು. ಅದು ಆಗುವ ಪರ್ಯಂತ ಶಾಲೆಗಳ ಕಂಪ್ಯೂಟರು ಪಾಠದಲ್ಲಿ, ಗುಂಡಿಗಳ ಹೆಸರನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ, ಯಂತ್ರದ ಯಾವ ಕೋಣೆಯಲ್ಲಿ ಯಾರ ಸಾಮಾನಿದೆ ಎಂಬುದನ್ನೂ ಒಂದು ಗಂಟೆ ತೋರಿಸಿಕೊಟ್ಟರೆ ಉಪಕಾರವಾದೀತು.

ಮೊಮ್ಮಗನು ಈಗ ಆಟವನ್ನು ಮೊದಲಿನಿಂದ ಆಡುತ್ತಿದ್ದಾನೆ. ಊರಿಗೆ ಹೊರಡುವ ಮುನ್ನ ತನ್ನ ಫೋಲ್ಡರು ಯಾವುದೆಂದು ತೋರಿಸಿ, ಅದರ ಪಕ್ಕದಲ್ಲಿ ‘ತಾತ ಮುಟ್ಟಬೇಡಿ’ ಎಂಬ ಹೆಸರಿನ ಖಾಲಿ ಫೋಲ್ಡರೊಂದನ್ನು ಕನ್ನಡದಲ್ಲೇ ಬರೆದಿಟ್ಟು ಹೋಗಿದ್ದಾನೆ. ಹನ್ನೆರಡು ವರ್ಷದ ಹುಡುಗನಿಗೆ ಅರೆನಿಮಿಷದಲ್ಲಿ ಸಾಧ್ಯವಾದುದು ಕೋಟಿಗಟ್ಟಲೆ ವ್ಯಾಪಾರ ಮಾಡುವ ಸಂಸ್ಥೆಗಳಿಗೆ ಇಷ್ಟು ವರ್ಷಗಳಲ್ಲಿ ಏಕೆ ಸಾಧ್ಯವಾಗಲಿಲ್ಲವೋ ಅವರೇ ಹೇಳಬೇಕು. ಏಕಚಕ್ರನಗರದವರಿಗೆ ಬಕನೊಡನೆ ಆದ ಒಪ್ಪಂದ ಕ್ರೂರವಾದದ್ದು, ನಿಜ. ಆದರೆ ಒಂದು ಬಂಡಿ ಅನ್ನ, ಎರಡು ಕೋಣ, ಬಂಡಿ ಹೊಡೆದುಕೊಂಡು ಬರುವ ಒಬ್ಬ ಮನುಷ್ಯ, ಮನೆಗೊಂದು ಸರದಿ ಎಂಬ ಅದರ ಷರತ್ತುಗಳು ಊರಿನ ಎಲ್ಲರಿಗೂ ಗೊತ್ತಿದ್ದುವು. ರಾಕ್ಷಸನಾದರೂ ಅವನು ತನಗೆ ಬೇಕಾದುದನ್ನು ಜನಕ್ಕೆ ತಿಳಿಯುವ ಭಾಷೆಯಲ್ಲಿ ಹೇಳಿದ್ದನು.